ಕೈಯಿಂದ ತಿರುಗಿಸುವ ಡಬ್ಬಿ

1924ರ ಜನವರಿಯ ಚಳಿಯಲ್ಲಿ ನ್ಯೂಯಾರ್ಕಿನ ಕಮೊಡೋರ್ ಹೋಟೆಲಿನ ಲಾಬಿಗೆ ಒಂದು ಹೊಸ ಕಾರನ್ನು ತಂದು ನಿಲ್ಲಿಸಿದರು. ಅದು ನಿಲ್ಲಬೇಕಾಗಿದ್ದದ್ದು ಆ ಊರಿನ ಹೆಸರಾಂತ ಮೋಟಾರು ಪ್ರದರ್ಶನದಲ್ಲಿ. ಇನ್ನೂ ಮಾರಾಟಕ್ಕೇ ಬಾರದ ಕಾರಿಗೆ ಜಾಗ ಕೊಡುವುದಿಲ್ಲವೆಂದು ಪ್ರದರ್ಶನದವರು ಬಾಗಿಲು ಹಾಕಿದರೆಂದು ಆ ಕಾರನ್ನು ಹೊರತಂದ ವಾಲ್ಟರ್ ಕ್ರೈಸ್ಲರ್ ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡರು. ಆಗ ಅವರ ಮಾರಾಟದ ಮುಖ್ಯಸ್ಥ ಜೋ ಫೀಲ್ಡ್ಸ್ ಹೋಟೆಲಿನ ಲಾಬಿಯನ್ನೇ ಬಾಡಿಗೆಗೆ ಹಿಡಿದರು. ಪ್ರದರ್ಶನಕ್ಕೆ ಬಂದ ಉದ್ಯಮಿಗಳು, ಡೀಲರುಗಳು, ಸಾಲ ಕೊಡುವ ಬ್ಯಾಂಕಿನವರು ತಂಗುತ್ತಿದ್ದದ್ದು ಅಲ್ಲೇ. ಬೆಳಿಗ್ಗೆ ಹೊರಗೆ ಕಾಲಿಡಬೇಕಾದರೆ ಆ ಕಾರನ್ನು ಬಳಸಿಕೊಂಡೇ ಹೋಗಬೇಕಿತ್ತು.

ಜನ ಮುತ್ತಿಕೊಂಡರು. 68 ಅಶ್ವಶಕ್ತಿಯ ಆರು ಸಿಲಿಂಡರಿನ ಎಂಜಿನ್, ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕು, ಗಂಟೆಗೆ 70 ಮೈಲಿಯ ಓಟ: ಸಾಧಾರಣ ಬೆಲೆಯ ಕಾರಿನಲ್ಲಿ ಇವೆಲ್ಲ ಒಟ್ಟಿಗೆ ಸಿಗುತ್ತವೆಂದರೆ ನಂಬುವುದು ಕಷ್ಟವಾಗಿತ್ತು. ಆದರೆ ಎಂಜಿನ್ನಿಗೆ ಅಂಟಿಕೊಂಡಿದ್ದ ಒಂದು ತಗಡಿನ ಡಬ್ಬಿಯ ಬಳಿ ಯಾರೂ ಹೆಚ್ಚು ಹೊತ್ತು ನಿಂತಿರಲಾರರು. ಅದಕ್ಕೆ ಹೊಳಪಿರಲಿಲ್ಲ, ಸದ್ದಿರಲಿಲ್ಲ, ಅದು ಕೆಲಸ ಮಾಡುತ್ತಿದೆಯೇ ಇಲ್ಲವೇ ಎಂದು ನೋಡಿ ಹೇಳುವಂತೆಯೂ ಇರಲಿಲ್ಲ. ಅದು ಆಯಿಲ್ ಫಿಲ್ಟರ್. ಕಾರ್ಖಾನೆಯಿಂದಲೇ ಅದನ್ನು ಹೊತ್ತು ಬಂದ ಮೊದಲ ಕಾರುಗಳಲ್ಲಿ ಈ ಕಾರು ಒಂದಾಗಿತ್ತು.

ಅದಕ್ಕೂ ಮುಂಚಿನ ಇಪ್ಪತ್ತು ವರ್ಷ ಕಾರಿನ ಆಯಿಲ್ ಎಂದರೆ ದೇವರ ಮೇಲೆ ಭಾರ ಹಾಕಿದ ವಿಷಯ. ಬಹುತೇಕ ರಸ್ತೆಗಳು ಮಣ್ಣಿನವು. ಎಂಜಿನ್ ಉಸಿರೆಳೆದಾಗಲೆಲ್ಲ ಧೂಳು ಒಳಗೆ ಹೋಗುತ್ತಿತ್ತು. ಅದು ಸಿಲಿಂಡರಿನ ಗೋಡೆಯ ಎಣ್ಣೆಗೆ ಅಂಟಿ, ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯಾದ ಸಂಪಿಗೆ ಇಳಿದು, ಅಲ್ಲಿಂದ ಬೇರಿಂಗುಗಳಿಗೆ ಹೊರಟು, ಎಲ್ಲೆಲ್ಲಿ ಲೋಹ ಲೋಹವನ್ನು ತಾಕುವಷ್ಟು ಹತ್ತಿರ ಬರುತ್ತದೋ ಅಲ್ಲೆಲ್ಲ ಉಜ್ಜುತ್ತಿತ್ತು. ಉರಿಯದ ಪೆಟ್ರೋಲು ಮೇಲಿಂದ ಸೋರಿ ಆಯಿಲನ್ನು ತೆಳ್ಳಗೆ ಮಾಡುತ್ತಿತ್ತು. ಮಸಿ, ನೀರಿನ ಹನಿ, ಸವೆದ ಲೋಹದ ಪುಡಿ ಎಲ್ಲ ಕೂಡಿ ಕಪ್ಪು ರಾಡಿಯಾಗುತ್ತಿತ್ತು. ಇದನ್ನು ತಡೆಯಲು ಇದ್ದದ್ದು ಪಂಪಿನ ಬಾಯಿಗೆ ಕಟ್ಟಿದ ಒಂದು ಜಾಲರಿ. ಅದರಲ್ಲಿ ಕಡ್ಡಿ ಕಲ್ಲು ಸಿಕ್ಕಿಕೊಳ್ಳಬಹುದಿತ್ತೇ ಹೊರತು ಧೂಳಲ್ಲ. ಫೋರ್ಡಿನ ಮಾಡೆಲ್ ಟಿ ಕಾರಿನಲ್ಲಂತೂ ಪಂಪೂ ಇರಲಿಲ್ಲ. ಆಯಿಲ್ ಎಷ್ಟಿದೆಯೆಂದು ತಿಳಿಯಬೇಕಾದರೆ ಮಾಲೀಕ ಕಾರಿನಡಿ ತೆವಳಿ, ಅಲ್ಲಿದ್ದ ಎರಡು ಪುಟ್ಟ ನಲ್ಲಿಗಳನ್ನು ತಿರುಗಿಸಿ, ಯಾವುದರಲ್ಲಿ ಎಣ್ಣೆ ಬರುತ್ತದೆಂದು ನೋಡಬೇಕಿತ್ತು.

ಹಾಗಾಗಿ ತಯಾರಕರು ಒಂದೇ ಮಾತು ಹೇಳುತ್ತಿದ್ದರು: ಆಯಿಲ್ ಬದಲಿಸುತ್ತಿರಿ. 500 ಮೈಲಿಗೊಮ್ಮೆ, ಹೆಚ್ಚೆಂದರೆ 1000 ಮೈಲಿಗೊಮ್ಮೆ. ಊರಿಂದೂರಿಗೆ ಸುತ್ತುವವನಿಗೆ ಇದು ತಿಂಗಳಿಗೊಂದು ಸಲ ಕಾರಿನಡಿ ಮಲಗುವ ಶಿಕ್ಷೆ. ಎಷ್ಟೋ ಮಂದಿ ಅದನ್ನು ಮುಂದಕ್ಕೆ ಹಾಕುತ್ತಲೇ ಹೋದರು. ಎಂಜಿನ್‌ಗಳು ಕರಕರ ಎನ್ನುತ್ತ ಆಯುಷ್ಯ ತೀರಿಸಿಕೊಂಡವು.

ಪರಿಹಾರ ಬಂದ ದಿಕ್ಕು ಯಾರೂ ಊಹಿಸದ್ದು. ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಕಾರು ಕಟ್ಟುವವರಲ್ಲ, ಸೋಸುವ ಯಂತ್ರ ಕಟ್ಟುವವರು. ಅವರ ಹೆಸರಿನದೇ ಒಂದು ಫಿಲ್ಟರ್ ಪ್ರೆಸ್ ಆಗಲೇ ಸಕ್ಕರೆ ಕಾರ್ಖಾನೆಗಳಲ್ಲಿ ದುಡಿಯುತ್ತಿತ್ತು. ಬಟ್ಟೆ ಹೊದಿಸಿದ ಹಲಗೆಗಳ ಸಾಲಿನೊಳಗೆ ಸಿರಪ್ಪನ್ನು ಒತ್ತಡದಿಂದ ತಳ್ಳಿ ಕೊಳೆಯನ್ನು ಹಿಂದೆ ಉಳಿಸುವ ಕೆಲಸ ಅದರದು. ಅಂಟಂಟಾದ ದ್ರವವನ್ನು ಬಟ್ಟೆ ಹೇಗೆ ಸೋಸುತ್ತದೆ, ಯಾವಾಗ ಕಟ್ಟಿಕೊಳ್ಳುತ್ತದೆ, ಎಷ್ಟು ಒತ್ತಿದರೆ ಹರಿಯುತ್ತದೆ ಎಂಬುದೆಲ್ಲ ಅವರಿಗೆ ಕರತಲಾಮಲಕ. ಅವರೂ ಜಾರ್ಜ್ ಗ್ರೀನ್‌ಹಾಲ್ಗ್ ಎಂಬವರೂ ಸೇರಿ ಆ ವಿದ್ಯೆಯನ್ನು ಒಂದು ಡಬ್ಬಿಯೊಳಕ್ಕೆ ಇಳಿಸಲು ಹೊರಟರು.

ಮೊದಲ ಹೆಜ್ಜೆಯಲ್ಲೇ ಗೋಡೆ ಎದುರಾಗುವ ಕೆಲಸ ಅದು. ಕಾಫಿ ಫಿಲ್ಟರಿನಲ್ಲಿ ಪುಡಿ ನುಣುಪಾದಷ್ಟೂ ಡಿಕಾಕ್ಷನ್ ಇಳಿಯುವುದು ತಡವಾಗುವ ಹಾಗೆ, ಬಟ್ಟೆ ಒತ್ತಾದಷ್ಟೂ ಆಯಿಲ್ ಹರಿಯುವುದು ನಿಧಾನ. ಅಡುಗೆಮನೆಯಲ್ಲಿ ಕಾಯಬಹುದು, ಎಂಜಿನ್ನಿನಲ್ಲಿ ಕಾಯುವಂತಿಲ್ಲ. ಬೇರಿಂಗಿಗೆ ಕೆಲವೇ ಕ್ಷಣ ಎಣ್ಣೆ ತಪ್ಪಿದರೂ ಲೋಹ ಕಾದು ಕಚ್ಚಿಕೊಳ್ಳುತ್ತದೆ. ಚಳಿಗಾಲದ ಬೆಳಿಗ್ಗೆ ಆಯಿಲ್ ಜೇನಿಗಿಂತ ಗಟ್ಟಿ. ಅದನ್ನು ಬಟ್ಟೆಯೊಳಗೆ ತೂರಿಸುವುದು ಆ ಕಾಲದ ಪಂಪುಗಳಿಗೆ ಆಗದ ಮಾತು. ಬಟ್ಟೆಯನ್ನು ಸಡಿಲ ಮಾಡಿದರೆ ಧೂಳು ಪಾರು. ಬಿಗಿ ಮಾಡಿದರೆ ಎಂಜಿನ್ನಿಗೆ ಉಪವಾಸ.

ಅವರು ಈ ಗೋಡೆಯನ್ನು ಒಡೆಯಲಿಲ್ಲ, ಪಕ್ಕದಿಂದ ದಾಟಿದರು. ಎಲ್ಲ ಆಯಿಲನ್ನೂ ಒಂದೇ ಸುತ್ತಿನಲ್ಲಿ ಸೋಸಲೇಬೇಕೆಂದು ಹಟ ಹಿಡಿಯುವುದೇಕೆ? ಮುಖ್ಯ ಹರಿವು ತನ್ನ ಪಾಡಿಗೆ ಬೇರಿಂಗುಗಳ ಕಡೆ ಹೋಗಲಿ. ಅದರಿಂದ ಒಂದು ಸಣ್ಣ ಕವಲು ತೆಗೆದು, ಅಷ್ಟನ್ನೇ ಡಬ್ಬಿಯ ಮೂಲಕ ಸೋಸಿ ಸಂಪಿಗೆ ಮರಳಿಸಿದರೆ ಸಾಕು. ಎಂಜಿನ್ ಓಡುತ್ತ ಓಡುತ್ತ ಒಂದಲ್ಲ ಒಂದು ಸುತ್ತಿನಲ್ಲಿ ಎಲ್ಲ ಎಣ್ಣೆಗೂ ಸರದಿ ಬರುತ್ತದೆ. ಫಿಲ್ಟರ್ ಪೂರ್ತಿ ಕಟ್ಟಿಕೊಂಡರೂ ಎಂಜಿನ್ನಿಗೆ ಎಣ್ಣೆ ತಪ್ಪುವುದಿಲ್ಲ. ಬೈಪಾಸ್ ಫಿಲ್ಟರ್ ಹುಟ್ಟಿದ್ದು ಹೀಗೆ. 1923ರಲ್ಲಿ ಅದು ಪ್ಯೂರೋಲೇಟರ್ ಎಂಬ ಹೆಸರು ಹೊತ್ತು ಹೊರಬಂತು. ಅದನ್ನು ಮಾರಲು ನಿಂತ ಮೋಟಾರ್ ಇಂಪ್ರೂವ್‌ಮೆಂಟ್ಸ್ ಕಂಪನಿ ನ್ಯೂಜೆರ್ಸಿಯ ನ್ಯೂವಾರ್ಕಿನಲ್ಲಿ ನೆಲೆಯಾಯಿತು.

ಅದೇ ನ್ಯೂವಾರ್ಕಿನಲ್ಲಿ ಮೂವರು ಎಂಜಿನಿಯರುಗಳು ಬಿದ್ದ ಪೆಟ್ಟಿನಿಂದ ಸುಧಾರಿಸಿಕೊಳ್ಳುತ್ತಿದ್ದರು. ಫ್ರೆಡ್ ಝೀಡರ್, ಓವೆನ್ ಸ್ಕೆಲ್ಟನ್, ಕಾರ್ಲ್ ಬ್ರೀರ್. ಹರೆಯದಲ್ಲಿ ಸ್ವಂತ ಕೈಯಿಂದ ಉಗಿ ಕಾರೊಂದನ್ನು ಕಟ್ಟಿ ಓಡಿಸಿದ್ದವರು ಬ್ರೀರ್. ಈ ಮೂವರು ಜೀವ ತೇಯ್ದು ರೂಪಿಸಿದ್ದ ಆರು ಸಿಲಿಂಡರಿನ ಕಾರು 1922ರಲ್ಲಿ ಕಾರ್ಖಾನೆಯ ಸಮೇತ ಹರಾಜಿಗೆ ಬಿದ್ದು, ಕ್ರೈಸ್ಲರ್ ಕೈತಪ್ಪಿ, ಇನ್ನೊಬ್ಬ ಕಾರು ಉದ್ಯಮಿ ವಿಲಿಯಂ ಡ್ಯುರಾಂಟ್ ಪಾಲಾಗಿತ್ತು. ಅವರು ಕೈಚೆಲ್ಲಿ ಕೂರಲಿಲ್ಲ. ಮತ್ತೊಂದನ್ನು ಮೊದಲಿಂದ ಬರೆದರು. ಅದು ಹೆಚ್ಚು ವೇಗದಲ್ಲಿ, ಹೆಚ್ಚು ಒತ್ತಡದಲ್ಲಿ ದುಡಿಯುವ ಎಂಜಿನ್. ಅಂಥ ಎಂಜಿನ್ ಕೊಳಕು ಎಣ್ಣೆಯನ್ನು ಹಳೆಯ ಎಂಜಿನ್‌ಗಳಷ್ಟು ಸಹಿಸುವುದಿಲ್ಲ. ಅದಕ್ಕೆ ಗಾಳಿ ಸೋಸುವ ಡಬ್ಬಿಯನ್ನೂ ಎಣ್ಣೆ ಸೋಸುವ ಡಬ್ಬಿಯನ್ನೂ ಕೂರಿಸಿದರು. ಕಮೊಡೋರ್ ಲಾಬಿಯಲ್ಲಿ ನಿಂತದ್ದು ಈ ಎರಡನೆಯ ಕಾರು. ಅದನ್ನು ನೋಡಿದ ಮೇಲೆಯೇ 50 ಲಕ್ಷ ಡಾಲರ್ ಸಾಲದ ಮಾತು ಕುದುರಿತು. ಮೊದಲ ವರ್ಷದಲ್ಲೇ ಸುಮಾರು 32,000 ಕಾರು ಮಾರಾಟವಾದವು. ಉಳಿದ ತಯಾರಕರು ಒಬ್ಬೊಬ್ಬರಾಗಿ ಫಿಲ್ಟರ್ ಕೂರಿಸತೊಡಗಿದರು. ಪೇಟೆಂಟಿನ ಜಗಳ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು.

ಕತೆ ಇಲ್ಲಿಗೇ ಮುಗಿದಿದ್ದರೆ ಅದೊಂದು ಅಚ್ಚುಕಟ್ಟಾದ ಗೆಲುವಾಗುತ್ತಿತ್ತು. ಆದರೆ ಡಬ್ಬಿ ಕಾರು ಸೇರಿದ ಮೇಲೆಯೇ ಅದರ ನಿಜವಾದ ದೋಷ ತಿಳಿದದ್ದು. ಆ ದೋಷ ಸೋಸುವುದರಲ್ಲಿ ಇರಲಿಲ್ಲ, ಬದಲಿಸುವುದರಲ್ಲಿ ಇತ್ತು.

ಮುಚ್ಚಿ ಬೆಸೆದ ಡಬ್ಬಿಯಾದರೆ ಪೈಪುಗಳ ಜಾಯಿಂಟು ಬಿಚ್ಚಿ ಇಡೀ ಡಬ್ಬಿಯನ್ನೇ ಎಸೆಯಬೇಕು, ಹೊಸದಕ್ಕೆ ದುಡ್ಡು ಸುರಿಯಬೇಕು. ಬೈಪಾಸ್ ಫಿಲ್ಟರಿನ ಔದಾರ್ಯವೇ ಅದಕ್ಕೆ ಮುಳುವಾಯಿತು. ಅದು ಕಟ್ಟಿಕೊಂಡರೂ ಕಾರು ಓಡುತ್ತಲೇ ಇರುತ್ತಿತ್ತು. ಓಡುವ ಕಾರಿನ ಯಾವ ಭಾಗವನ್ನು ಯಾರು ಬಿಚ್ಚಿ ನೋಡುತ್ತಾರೆ? ಎಷ್ಟೋ ಕಾರುಗಳಲ್ಲಿ ಫಿಲ್ಟರ್ ಎಂಬುದು ಒಳಗೆ ರಾಡಿ ಗಟ್ಟಿಯಾಗಿ, ಒಂದು ಹನಿಯನ್ನೂ ಸೋಸದೆ, ಸುಮ್ಮನೆ ತೂಗಿಕೊಂಡಿರುವ ವಸ್ತುವಾಯಿತು.

ಇದನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರು ರೋಡ್ ಐಲೆಂಡ್ ಸೀಮೆಯ ಇಬ್ಬರು ರಸಾಯನ ತಜ್ಞರು, ಫ್ರೆಡರಿಕ್ ಫ್ರಾಂಕ್ಲಿನ್ ಮತ್ತು ಎಡ್ವರ್ಡ್ ಆಲ್ಡಮ್. ಕಾಲ 1932, ಅಮೆರಿಕದ ಮಹಾ ಆರ್ಥಿಕ ಕುಸಿತದ ತಳ. ಹೊಸ ಕಾರು ಕೊಳ್ಳುವವರಿಲ್ಲ, ಇರುವ ಕಾರನ್ನೇ ಹೇಗಾದರೂ ಓಡಿಸಬೇಕು. ಅವರು ಡಬ್ಬಿಯನ್ನು ಎಂಜಿನ್ನಿನ ಮೇಲೇ ಬಿಟ್ಟು, ಒಳಗಿನ ಸೋಸುವ ಭಾಗವನ್ನು ಮಾತ್ರ ಸುಲಭವಾಗಿ ತೆಗೆದು ಹಾಕುವಂತೆ ಮಾಡಿದರು. ಇಬ್ಬರ ಹೆಸರಿನ ಅಕ್ಷರ ಕೂಡಿಸಿ ಫ್ರಾಮ್ ಎಂದು ಕಂಪನಿಗೆ ಹೆಸರಿಟ್ಟರು. ಸೋಸುವಿಕೆಯಲ್ಲಿ ಅದು ದೊಡ್ಡ ಕ್ರಾಂತಿಯಲ್ಲ. ಆದರೆ ಫಿಲ್ಟರಿನ ಚರಿತ್ರೆ ತಿರುಗಿದ್ದು ಅಲ್ಲೇ. ಮನೆಯಲ್ಲಿ ನಿಂತ ಕಾರಿನ ಮುಂದೆ ಅಂಗಿ ತೋಳು ಮಡಚಿದ ಒಬ್ಬ ಸಾಮಾನ್ಯ ಮಾಲೀಕನನ್ನು ವಿನ್ಯಾಸಕಾರರು ಅಂದು ಲೆಕ್ಕಕ್ಕೆ ತೆಗೆದುಕೊಂಡರು.

ಅಷ್ಟರಲ್ಲಿ ಬೇರೆಲ್ಲೋ ನಡೆದ ಒಂದು ಆಪತ್ತು ಫಿಲ್ಟರಿನ ಹಣೆಬರಹ ಬದಲಿಸಿತು. ಕ್ಯಾಟರ್‌ಪಿಲ್ಲರ್ ಕಂಪನಿಯ ಹೊಸ ಡೀಸೆಲ್ ಎಂಜಿನ್‌ಗಳಲ್ಲಿ ಪಿಸ್ಟನ್ ರಿಂಗುಗಳು ಮಸಿ ಹಿಡಿದು ಕಚ್ಚಿಕೊಳ್ಳುತ್ತಿದ್ದವು. ಯಾವ ಆಯಿಲ್ ಹಾಕಿದರೂ ಅದೇ ಪಾಡು. ಕ್ಯಾಲಿಫೋರ್ನಿಯಾದ ಸ್ಟಾಂಡರ್ಡ್ ಆಯಿಲ್ ಕಂಪನಿಯೊಂದಿಗೆ ಸೇರಿ ಹುಡುಕಾಡಿ, 1935ರ ಹೊತ್ತಿಗೆ ಅವರು ಆಯಿಲಿಗೆ ಡಿಟರ್ಜೆಂಟ್ ಬೆರೆಸಿದರು. ರಿಂಗುಗಳು ಬಿಟ್ಟುಕೊಂಡವು. ಆದರೆ ಹೊಸ ಆಯಿಲಿನ ಗುಣ ಬೇರೆ. ಹಳೆಯ ಆಯಿಲಿನಲ್ಲಿ ಕೊಳೆ ಸಂಪಿನ ತಳಕ್ಕಿಳಿದು ಕೆಸರಾಗಿ ಕೂತುಬಿಡುತ್ತಿತ್ತು. ಡಿಟರ್ಜೆಂಟ್ ಆಯಿಲ್ ಕೊಳೆಯನ್ನು ಕೂರಲು ಬಿಡುವುದಿಲ್ಲ, ಸಣ್ಣ ಸಣ್ಣ ಕಣಗಳಾಗಿ ತೇಲಿಸಿಕೊಂಡು ಸುತ್ತುತ್ತದೆ. ಈ ಬಗೆಯ ಆಯಿಲ್ ಕಾರುಗಳಿಗೂ ಬಂದಾಗ, ಹಾಕಿದ ಕೆಲವೇ ದಿನಕ್ಕೆ ಅದು ಕಪ್ಪಾದುದನ್ನು ಕಂಡು ಜನ ಕಂಗಾಲಾದರು. ಕಪ್ಪಾಗುವುದೇ ಅದರ ಕೆಲಸವಾಗಿತ್ತು. ಕೊಳೆ ಈಗ ಹರಿಯುವ ಎಣ್ಣೆಯಲ್ಲೇ ಇತ್ತು. ಅದನ್ನು ಹಿಡಿಯುವವರು ದಾರಿಯ ಮಧ್ಯದಲ್ಲೇ ನಿಲ್ಲಬೇಕಿತ್ತು.

ದಾರಿಯ ಮಧ್ಯೆ ನಿಲ್ಲಬೇಕೆಂದರೆ ಸ್ವೀಟ್‌ಲ್ಯಾಂಡ್ ಪಕ್ಕದಿಂದ ದಾಟಿದ ಗೋಡೆಯನ್ನು ಈಗ ನೇರವಾಗಿ ಎದುರಿಸಲೇಬೇಕು. ಎರಡು ಉಪಾಯಗಳು ಕೈಗೂಡಿದವು. ಒಂದು ಕಾಗದ. ಬರೀ ಕಾಗದ ಬಿಸಿ ಎಣ್ಣೆಯಲ್ಲಿ ಮೆತ್ತಗಾಗಿ ಹರಿಯುತ್ತದೆ. 1940ರ ದಶಕದಲ್ಲಿ ಅದಕ್ಕೆ ರಾಳ ಕುಡಿಸಿ, ಬಿಸಿ ಕೊಟ್ಟು, ಸೆಟೆದು ನಿಲ್ಲುವಂತೆ ಮಾಡಿದರು. ಆಮೇಲೆ ಅದನ್ನು ನೆರಿಗೆ ಹಿಡಿದರು. ಅಂಗೈಯಗಲದ ಡಬ್ಬಿಯೊಳಗೆ ದೊಡ್ಡ ಹಾಳೆಯೇ ಮಡಚಿ ಕೂತಿತು. ಹರಡಿಕೊಂಡ ವಿಸ್ತಾರ ಹೆಚ್ಚಾದಷ್ಟೂ ಪ್ರತಿ ಅಂಗುಲದ ಮೇಲಿನ ಹೊರೆ ಕಡಿಮೆ. ರಂಧ್ರ ಸಣ್ಣದಿದ್ದರೂ ಎಣ್ಣೆ ತಡೆಯಿಲ್ಲದೆ ದಾಟುತ್ತದೆ. ಎರಡನೆಯ ಉಪಾಯ ಒಂದು ಸ್ಪ್ರಿಂಗಿನ ವಾಲ್ವ್. ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿ ಕಾಗದ ದಾಟದೆ ಒತ್ತಡ ಏರಿದರೆ ವಾಲ್ವ್ ತಾನೇ ತೆರೆದು, ಸೋಸದ ಎಣ್ಣೆಯನ್ನಾದರೂ ಬೇರಿಂಗಿಗೆ ಕಳಿಸುತ್ತದೆ. ಎಣ್ಣೆಯೇ ಇಲ್ಲದಿರುವುದಕ್ಕಿಂತ ಕೊಳಕು ಎಣ್ಣೆ ಮೇಲು. ಹೀಗೆ ಪಂಪಿನಿಂದ ಹೊರಟ ಎಲ್ಲ ಎಣ್ಣೆಯೂ ಪ್ರತಿ ಸುತ್ತಿನಲ್ಲೂ ಫಿಲ್ಟರ್ ದಾಟುವ ಫುಲ್ ಫ್ಲೋ ಪದ್ಧತಿ ಎರಡನೇ ಮಹಾಯುದ್ಧ ಮುಗಿಯುವ ಕಾಲಕ್ಕೆ ಕಾರುಗಳಿಗೆ ಬಂತು.

ಎಲ್ಲರೂ ಕೂಡಲೇ ಒಪ್ಪಲಿಲ್ಲ. ಮುಂದೆ ದಂತಕತೆಯಾದ ಷೆವರ್ಲೆಯ ವಿ8 ಎಂಜಿನ್ 1955ರಲ್ಲಿ ಹೊರಬಂದಾಗ ಅದರ ಬ್ಲಾಕಿನಲ್ಲಿ ಫಿಲ್ಟರಿಗೆ ಜಾಗವನ್ನೇ ಕೊರೆದಿರಲಿಲ್ಲ. ಬೇಕಾದವರು ದುಡ್ಡು ಕೊಟ್ಟು ಹೊರಗಿನಿಂದ ಬೈಪಾಸ್ ಫಿಲ್ಟರ್ ಹಾಕಿಸಿಕೊಳ್ಳಬೇಕಿತ್ತು. ಮರುವರ್ಷವೇ ಅದನ್ನು ತಿದ್ದಿ ಫುಲ್ ಫ್ಲೋ ಫಿಲ್ಟರಿಗೆ ದಾರಿ ಮಾಡಿದರು. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಅಂತೂ ದಶಕಗಟ್ಟಲೆ ಒಂದು ಜಾಲರಿಯಲ್ಲೇ ಕಾಲ ಕಳೆಯಿತು. ಅದರ ಮಾಲೀಕರು ಪ್ರತಿ ಸಲ ಆರು ನಟ್ಟು ಬಿಚ್ಚಿ, ತಟ್ಟೆ ಇಳಿಸಿ, ಜಾಲರಿ ತೊಳೆದು, ಹೊಸ ಗ್ಯಾಸ್ಕೆಟ್ಟುಗಳ ಜೊತೆ ಮತ್ತೆ ಕೂರಿಸಿದರು.

ಫಿಲ್ಟರ್ ಇದ್ದ ಕಾರುಗಳಲ್ಲೂ ಮನೆಯಲ್ಲಿ ಅದನ್ನು ಬದಲಿಸುವುದು ಸುಖದ ಕೆಲಸವಾಗಿರಲಿಲ್ಲ. ಲೋಹದ ಬೋಗುಣಿ, ಅದರ ನಡುವೆ ಹಾದುಹೋಗುವ ಉದ್ದ ಬೋಲ್ಟ್, ಒಳಗೆ ಸ್ಪ್ರಿಂಗು, ವಾಷರು, ತಟ್ಟೆ, ಅದರ ಮೇಲೆ ಕಾಗದದ ಎಲಿಮೆಂಟು. ಬೋಲ್ಟ್ ಸಡಿಲವಾಗುತ್ತಲೇ ಬೋಗುಣಿ ಓರೆಯಾಗಿ, ಬಿಸಿ ಕಪ್ಪೆಣ್ಣೆ ಮಣಿಕಟ್ಟಿನಿಂದ ಮೊಣಕೈವರೆಗೆ ಇಳಿಯುತ್ತಿತ್ತು. ಸ್ಪ್ರಿಂಗು ವಾಷರುಗಳು ಬಕೆಟ್ಟಿಗೆ ಬಿದ್ದರೆ ಕೆಸರಿನಲ್ಲಿ ತಡಕಿ ತೆಗೆದು, ಯಾವುದರ ಮೇಲೆ ಯಾವುದು ಎಂದು ನೆನಪಿಸಿಕೊಳ್ಳಬೇಕು. ಬೋಗುಣಿಯನ್ನು ಸೀಮೆಎಣ್ಣೆಯಲ್ಲಿ ತೊಳೆಯಬೇಕು. ಎಲ್ಲಕ್ಕಿಂತ ಕಷ್ಟ, ಮೇಲಿನ ಕಾಲುವೆಯಲ್ಲಿ ಕಲ್ಲಾಗಿ ಕೂತ ಹಳೆಯ ರಬ್ಬರ್ ರಿಂಗನ್ನು ಸೂಜಿಯಿಂದ ಕೆದಕಿ ಎಬ್ಬಿಸುವುದು. ಅದನ್ನು ಮರೆತು ಹೊಸ ರಿಂಗನ್ನು ಮೇಲೆ ಕೂರಿಸಿದರೆ ಸ್ಟಾರ್ಟ್ ಮಾಡಿದ ಕೂಡಲೇ ಎಣ್ಣೆ ಚಿಮ್ಮುತ್ತಿತ್ತು. ಇದು ಅಮೆರಿಕದವರಿಗೆ ಮಾತ್ರ ಗೊತ್ತಿದ್ದ ಪಾಡಲ್ಲ. ಬ್ರಿಟನ್ನಿನ ಬಿ ಸೀರೀಸ್ ಎಂಜಿನ್ ಹೊತ್ತ ಅಂಬಾಸಿಡರ್ ಕಾರಿಗೂ ಇಂಥದೇ ಬೋಗುಣಿಯಿತ್ತು. ಕರ್ನಾಟಕದ ಗ್ಯಾರೇಜುಗಳಲ್ಲಿ ಅದನ್ನು ಬಿಚ್ಚಿ ಬನಿಯನ್ ವೇಸ್ಟಿನಲ್ಲಿ ಒರೆಸಿದ ಮೇಸ್ತ್ರಿಗಳಿಗೆ ಆ ಬೋಲ್ಟಿನ ಹಟ ಚೆನ್ನಾಗಿ ಗೊತ್ತಿತ್ತು.

ಉತ್ತರ ಕೆರೊಲಿನಾದ ಗ್ಯಾಸ್ಟೋನಿಯಾ ನೂಲಿನ ಗಿರಣಿಗಳ ಊರು. ಡೆಟ್ರಾಯಿಟಿನ ಕಾರ್ಖಾನೆಗಳಿಂದ ಬಹಳ ದೂರ. ಅಲ್ಲಿ 1939ರಲ್ಲಿ ಜ್ಯಾಕ್ ವಿಕ್ಸ್ ಮತ್ತು ಪಾಲ್ ಕ್ರಾಷಾ ಎಂಬಿಬ್ಬರು ಫಿಲ್ಟರ್ ಮಾಡುವ ಸಣ್ಣ ಕಂಪನಿ ತೆರೆದಿದ್ದರು. ಹೆಸರು ವಿಕ್ಸ್. ಹತ್ತಿಯ ನೂಲನ್ನೇ ತುಂಬಿದ ಫಿಲ್ಟರುಗಳು ಇನ್ನೂ ಎಲ್ಲೆಡೆ ಇದ್ದ ಕಾಲ ಅದು. ಹಳೆಯ ಎಂಜಿನ್‌ಗಳ ಬೋಗುಣಿಗಳಿಗೆ ಎಲಿಮೆಂಟು ಒದಗಿಸುವುದು ಇಂಥ ಕಂಪನಿಗಳ ಹೊಟ್ಟೆಪಾಡು. ಆದ್ದರಿಂದ ಅವರ ಕಣ್ಣಿಗೆ ಬೀಳುತ್ತಿದ್ದದ್ದು ಹೊಸ ಕಾರಿನ ಹೊಳಪಿಗಿಂತ ಬದಲಿಸುವವನ ಎಣ್ಣೆಗೈ.

1954ರಲ್ಲಿ ಆ ಕಂಪನಿ ಹೊರತಂದ ವಸ್ತು ನೋಡಿದರೆ, ಇಷ್ಟು ಸರಳವಾದುದನ್ನು ಮೂವತ್ತು ವರ್ಷ ಯಾರೂ ಯಾಕೆ ಮಾಡಲಿಲ್ಲ ಎನ್ನಿಸುತ್ತದೆ. ಬೋಗುಣಿ, ಬೋಲ್ಟು, ಸ್ಪ್ರಿಂಗು, ಎಲಿಮೆಂಟು, ರಿಂಗು ಇವನ್ನೆಲ್ಲ ಬೇರೆ ಬೇರೆ ಬಿಡದೆ ಒಂದೇ ತಗಡಿನ ಡಬ್ಬಿಯೊಳಗೆ ಮುಚ್ಚಿ, ಅದರ ಬಾಯಿಗೆ ತಿರುಪು ಕೊರೆದರು. ಎಂಜಿನ್ನಿನಿಂದ ಚಾಚಿಕೊಂಡ ಒಂದು ತಿರುಪಿನ ಕೊಳವೆಗೆ ಅದನ್ನು ಕೈಯಿಂದ ತಿರುಗಿಸಿ ಕೂರಿಸುವುದು, ಅವಧಿ ಮುಗಿದ ಮೇಲೆ ತಿರುಗಿಸಿ ತೆಗೆದು ಎಸೆಯುವುದು. ಸ್ಪ್ಯಾನರಿನಿಂದ ಬಿಗಿಯಬೇಕಿಲ್ಲ. ರಬ್ಬರ್ ರಿಂಗಿಗೆ ಹೊಸ ಆಯಿಲನ್ನು ಬೆರಳಿನಿಂದ ಸವರಿ, ಅದು ಲೋಹಕ್ಕೆ ತಾಕಿದ ಮೇಲೆ ಸುಮಾರು ಮುಕ್ಕಾಲು ಸುತ್ತು ತಿರುಗಿಸಿದರೆ ಸಾಕು. ತೊಳೆಯುವುದೇನೂ ಇಲ್ಲ, ಕಳೆದುಹೋಗುವ ವಾಷರೂ ಇಲ್ಲ. ಮರುವರ್ಷ ಪ್ಯೂರೋಲೇಟರ್ ಕೂಡ ಹೀಗೆ ತಿರುಗಿಸಿ ಕೂರಿಸುವ ತನ್ನ ಸ್ಪಿನ್ ಆನ್ ಫಿಲ್ಟರ್ ಹೊರತಂದಿತು.

ನೋಡಲು ಸರಳ, ಮಾಡಲು ಅಲ್ಲ. ಹಳೆಯ ಬೋಗುಣಿ ದಪ್ಪ ಲೋಹದ್ದು, ವರ್ಷಗಟ್ಟಲೆ ಬಾಳುವುದು. ಎಸೆಯುವ ಡಬ್ಬಿ ಅಗ್ಗವಾಗಿರಬೇಕು, ಅಂದರೆ ತೆಳು ತಗಡು. ಆ ತೆಳು ತಗಡೇ ಚಳಿಯ ಬೆಳಿಗ್ಗೆ ಪಂಪಿನ ಪೂರ್ತಿ ಒತ್ತಡವನ್ನು ಬಿರಿಯದೆ ತಡೆಯಬೇಕು. ಬಾಯಿಯ ತಟ್ಟೆ ದಪ್ಪಗಿದ್ದು ಬಗ್ಗಬಾರದು, ತಟ್ಟೆಗೂ ತಗಡಿಗೂ ನಡುವಿನ ಮಡಿಕೆ ಸೋರಬಾರದು. ಡಬ್ಬಿಯನ್ನು ಅಡ್ಡಲಾಗಿಯೋ ತಲೆಕೆಳಗಾಗಿಯೋ ಕೂರಿಸಿದ ಎಂಜಿನ್‌ಗಳಲ್ಲಿ, ಕಾರು ನಿಂತಾಗ ಎಣ್ಣೆಯೆಲ್ಲ ಹಿಂದಕ್ಕೆ ಸೋರಿ ಡಬ್ಬಿ ಖಾಲಿಯಾಗುತ್ತಿತ್ತು. ಮರುದಿನ ಸ್ಟಾರ್ಟ್ ಮಾಡಿದಾಗ ಅದು ತುಂಬುವತನಕ ಬೇರಿಂಗುಗಳು ಒಣಗಿಯೇ ತಿರುಗಬೇಕು. ಅದಕ್ಕಾಗಿ ಒಳಹೋಗುವ ರಂಧ್ರಗಳಿಗೆ ಒಂದು ರಬ್ಬರಿನ ಪಟಲವನ್ನು ಹೊದಿಸಿದರು. ಎಣ್ಣೆ ಒಳಗೆ ಬರುವಾಗ ಅದು ಏಳುತ್ತದೆ, ಹಿಂದೆ ಹೋಗಲು ನೋಡಿದರೆ ರಂಧ್ರ ಮುಚ್ಚುತ್ತದೆ. ಗ್ರಾಹಕನ ಕೈಗೆ ಬಂದದ್ದು ತಿರುಗಿಸುವ ಡಬ್ಬಿ, ತಯಾರಕನ ಪಾಲಿಗೆ ಉಳಿದದ್ದು ಇಷ್ಟೆಲ್ಲ ತಲೆನೋವು.

ಒಪ್ಪಿಗೆ ನಿಧಾನವಾಗಿ ಬಂತು. ಷೆವರ್ಲೆಯ ಆ ವಿ8 ಎಂಜಿನ್ 1967ರವರೆಗೂ ಹಳೆಯ ಬೋಗುಣಿಯನ್ನೇ ಹೊತ್ತು, 1968ರಲ್ಲಿ ಸ್ಪಿನ್ ಆನ್ ಡಬ್ಬಿಗೆ ಬದಲಾಯಿತು. ತಾಳ್ಮೆಗೆಟ್ಟವರಿಗಾಗಿ ಹಳೆಯ ಎಂಜಿನ್ನಿಗೆ ಹೊಸ ಡಬ್ಬಿ ಕೂರಿಸುವ ಕಿಟ್ಟುಗಳು ಅಂಗಡಿಗಳಿಗೆ ಬಂದವು. ಇಷ್ಟು ಹೊತ್ತಿಗೆ ಮನೆಯಂಗಳದಲ್ಲಿ ಆಯಿಲ್ ಬದಲಿಸುವುದು ಅಮೆರಿಕದಲ್ಲಿ ಭಾನುವಾರದ ರೂಢಿಯಾಗತೊಡಗಿತು. 1970ರ ದಶಕದಲ್ಲಿ ಫ್ರಾಮ್ ಕಂಪನಿಯ ಜಾಹೀರಾತಿನ ಮೆಕ್ಯಾನಿಕ್ಕೊಬ್ಬ ಟಿವಿಯಲ್ಲಿ ಬಂದು, ಫಿಲ್ಟರಿಗೆ ಈಗ ನಾಲ್ಕು ಕಾಸು ಕೊಡದಿದ್ದರೆ ಆಮೇಲೆ ಎಂಜಿನ್ನಿಗೆ ಕೊಡಬೇಕಾದೀತೆಂದು ಎಚ್ಚರಿಸಿದ.

ಅಂಗಳಗಳು ಹೊಸ ಪಾಠಗಳನ್ನೂ ಕಲಿಸಿದವು. ಮುಕ್ಕಾಲು ಸುತ್ತು ಸಾಲದೆಂದು ಅನುಮಾನಿಸಿ ಬಲ ಹಾಕಿ ಬಿಗಿದವರು ಆರು ತಿಂಗಳ ನಂತರ ಅದೇ ಡಬ್ಬಿಯೊಂದಿಗೆ ಸೆಣಸಿದರು. ಬಿಸಿಗೆ ರಬ್ಬರ್ ಕಾದು ಲೋಹಕ್ಕೆ ಅಂಟಿರುತ್ತಿತ್ತು. ಸಿಟ್ಟಿಗೆದ್ದವರು ಡಬ್ಬಿಯ ಹೊಟ್ಟೆಗೆ ಸ್ಕ್ರೂಡ್ರೈವರ್ ಚುಚ್ಚಿ ಸನ್ನೆ ಹಾಕಿ ತಿರುಗಿಸಲು ಹೋದರೆ, ತೆಳು ತಗಡು ಸೀಳಿಹೋಗಿ ಬಾಯಿಯ ತಟ್ಟೆ ಮಾತ್ರ ಎಂಜಿನ್ನಿನ ಮೇಲೆ ಉಳಿಯುತ್ತಿತ್ತು. ಪಟ್ಟಿ ಬಿಗಿದು ತಿರುಗಿಸುವ ಸ್ಪ್ಯಾನರು ಮನೆಮನೆಯ ಟೂಲ್ ಡಬ್ಬಿ ಸೇರಿತು. ಹಳೆಯ ಡಬ್ಬಿಯ ಜೊತೆ ಬಾರದೆ ಎಂಜಿನ್ನಿಗೇ ಅಂಟಿಕೊಂಡ ರಿಂಗಿನ ಮೇಲೆ ಹೊಸ ರಿಂಗು ಕೂತು, ಕಾರು ಗೇಟು ದಾಟುವ ಮುನ್ನವೇ ಸಂಪ್ ಖಾಲಿಯಾದ ಪ್ರಸಂಗಗಳಂತೂ ಬೋಗುಣಿಯ ಕಾಲದಿಂದ ಈ ಕಾಲಕ್ಕೂ ನಡೆದುಬಂದವು. ಇನ್ನು ಹಳೆಯ ಆಯಿಲ್ ಎಲ್ಲಿ ಹೋಗುತ್ತಿತ್ತು? ಚರಂಡಿಗೆ, ಹಿತ್ತಲಿಗೆ, ಕಸಕ್ಕೆ. ಒಂದು ಕಾರಿನ ಒಂದು ಸಲದ ಆಯಿಲ್ 10 ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸಬೇಕಾಯಿತು. ಸುಲಭ ಮಾಡಿದವರು ಯೋಚಿಸದೆ ಬಿಟ್ಟ ಭಾಗ ಇದು. ಅದರ ಬೆಲೆ ಸಣ್ಣದಲ್ಲ.

ಎಸೆದ ತಗಡಿನ ರಾಶಿಯೂ ಕಣ್ಣಿಗೆ ಚುಚ್ಚತೊಡಗಿತು. 1990ರ ದಶಕದಲ್ಲಿ ಯೂರೋಪಿನ ತಯಾರಕರು, ಅವರ ಹಿಂದೆ ಏಷ್ಯಾದವರು, ತಗಡಿನ ಡಬ್ಬಿ ಬಿಟ್ಟು ಮತ್ತೆ ಎಲಿಮೆಂಟು ಮಾತ್ರ ಬದಲಿಸುವ ಪದ್ಧತಿಗೆ ಹೊರಳಿದರು. ಮರಳಿ ಬಂದ ಬೋಗುಣಿ ಈ ಸಲ ಹಳೆಯ ತಪ್ಪುಗಳಿಂದ ಕಲಿತಿತ್ತು. ಎಷ್ಟೋ ಎಂಜಿನ್‌ಗಳಲ್ಲಿ ಅದನ್ನು ಕಾರಿನಡಿಯಿಂದ ಎತ್ತಿ ಎಂಜಿನ್ನಿನ ನೆತ್ತಿಗೆ ತಂದರು. ಮುಚ್ಚಳವನ್ನು ಸಡಿಲಿಸಿ ಎತ್ತುತ್ತಿದ್ದಂತೆ ತಳದ ಒಂದು ರಂಧ್ರ ತೆರೆದು, ಬೋಗುಣಿಯ ಎಣ್ಣೆಯೆಲ್ಲ ಎಂಜಿನ್ನಿನೊಳಕ್ಕೇ ಇಳಿದುಹೋಗುತ್ತದೆ. ಎಲಿಮೆಂಟು ಹೊರಬರುವಾಗ ತೊಟ್ಟಿಕ್ಕಲು ಹೆಚ್ಚೇನೂ ಉಳಿದಿರುವುದಿಲ್ಲ. ಡಬ್ಬಿಯನ್ನು ಬಿಡದ ಸುಬಾರು ಕಂಪನಿಯೂ 2010ರ ಸುಮಾರಿಗೆ ತಂದ ಹೊಸ ಎಂಜಿನ್ನಿನಲ್ಲಿ ಅದನ್ನು ಮೇಲಕ್ಕೆ ತಂದು, ಸುತ್ತಲೂ ಎಣ್ಣೆ ಹಿಡಿಯುವ ಬಟ್ಟಲೊಂದನ್ನು ಎರಕ ಹೊಯ್ದಿತು. ಕೈ ಚಾಚಿದರೆ ಸಿಗುವ ಜಾಗ, ಮಲಗುವ ಅಗತ್ಯವಿಲ್ಲ.

ಇಷ್ಟೆಲ್ಲ ಆದರೂ ಒಂದು ಪ್ರಶ್ನೆ ಬಹುಕಾಲ ಅಸ್ಪಷ್ಟವಾಗಿಯೇ ಇತ್ತು. ಎಂಜಿನ್ನನ್ನು ಸವೆಸುವ ಧೂಳು ಯಾವುದು? ಕಣ್ಣಿಗೆ ಕಾಣುವ ಹರಳೇ ಶತ್ರುವೆಂದು ತೋರುವುದು ಸಹಜ. 1988ರಲ್ಲಿ ಜನರಲ್ ಮೋಟಾರ್ಸಿನ ಸಂಶೋಧಕರು ಎಂಜಿನ್‌ಗಳಿಗೆ ಬೇಕೆಂದೇ ಧೂಳು ಉಣಿಸಿ, ಬೇರೆ ಬೇರೆ ಸೂಕ್ಷ್ಮತೆಯ ಫಿಲ್ಟರುಗಳನ್ನು ಹಾಕಿ ಸವೆತ ಅಳೆದ ಫಲಿತಾಂಶವನ್ನು ಪ್ರಕಟಿಸಿದರು. 40 ಮೈಕ್ರಾನಿನ ಫಿಲ್ಟರಿಗೆ ಹೋಲಿಸಿದರೆ 30 ಮೈಕ್ರಾನಿನದು ಸವೆತವನ್ನು ಅರ್ಧಕ್ಕಿಳಿಸಿತು, 15 ಮೈಕ್ರಾನಿನದು ಶೇಕಡಾ 70ರಷ್ಟು ತಗ್ಗಿಸಿತು. ಮನುಷ್ಯನ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್.

ಕಾರಣ ಸರಳ. ತಿರುಗುವ ದಂಡಕ್ಕೂ ಬೇರಿಂಗಿಗೂ ನಡುವೆ ಇರುವುದು ಕೆಲವೇ ಮೈಕ್ರಾನ್ ದಪ್ಪದ ಎಣ್ಣೆಯ ಪೊರೆ. ಅದಕ್ಕಿಂತ ಬಹಳ ದೊಡ್ಡ ಕಣ ಆ ಸಂದಿಗೆ ನುಗ್ಗಲಾರದು, ಬಹಳ ಸಣ್ಣದು ಏನನ್ನೂ ತಾಕದೆ ಹರಿದುಹೋಗುತ್ತದೆ. ಪೊರೆಯ ದಪ್ಪದಷ್ಟೇ ಇರುವ ಕಣ ಮಾತ್ರ ಎರಡೂ ಕಡೆ ತಾಕಿ ಲೋಹವನ್ನು ಕೊರೆಯುತ್ತದೆ. ನೆರಿಗೆ ಕಾಗದ ಅಂಥದನ್ನು ಜರಡಿಯ ಹಾಗೆ ರಂಧ್ರದ ಅಳತೆಯಿಂದಷ್ಟೇ ಹಿಡಿಯುವುದಿಲ್ಲ. ಅಡ್ಡಾದಿಡ್ಡಿ ನಾರುಗಳ ನಡುವೆ ಎಣ್ಣೆ ತಿರುವು ತಿರುವಾಗಿ ಹೋಗುವಾಗ ಕಣಗಳು ನಾರಿಗೆ ತಾಗಿ ಅಲ್ಲೇ ಅಂಟುತ್ತವೆ. ಒಂದು ಸುತ್ತಿನಲ್ಲಿ ತಪ್ಪಿಸಿಕೊಂಡದ್ದು ಮುಂದಿನ ಸುತ್ತಿನಲ್ಲಿ ಸಿಗುತ್ತದೆ. ಅಂಟಿದ ಕಣಗಳು ಸಂದಿಯನ್ನು ಇನ್ನಷ್ಟು ಕಿರಿದು ಮಾಡುವುದರಿಂದ ಫಿಲ್ಟರ್ ಹಳತಾದಂತೆ ಇನ್ನೂ ಸಣ್ಣ ಧೂಳನ್ನು ಹಿಡಿಯುತ್ತದೆ. ಕೊನೆಗೆ ಕಾಗದ ಪೂರ್ತಿ ತುಂಬಿ ವಾಲ್ವ್ ತೆರೆದುಕೊಳ್ಳುತ್ತದೆ, ಎಣ್ಣೆ ಸೋಸದೆಯೇ ಬೇರಿಂಗಿಗೆ ಹೋಗತೊಡಗುತ್ತದೆ. ಡಬ್ಬಿ ಬದಲಿಸುವ ದಿನ ಅದಕ್ಕಿಂತ ಮುಂಚೆಯೇ ಬಂದಿರಬೇಕು.